ಒತ್ತುವ ಗಳಿಗೆ

2011 ಫೆಬ್ರವರಿ 9, ಬುಧವಾರ

ನನ್ನ ಗಂಡ ವಾಲೇಸ್‌ಗೆ ವ್ಯಾಯಾಮ ಮಾಡಿಸಲು ಬರುವ ಹುಡುಗಿ ಹೇಳಿದಳೆಂದು ಇದನ್ನು ಶುರು ಮಾಡಿದ್ದೇನೆ. ದಿನಾ ಏನು ತಿಂದ, ಎಷ್ಟು ನಡೆದ, ರಕ್ತದೊತ್ತಡ ಎಷ್ಟು, ಎಲ್ಲ ಬರೆದಿಡಬೇಕಂತೆ. "ನಿಮಗೂ ಒಳ್ಳೇದು, ಮನಸ್ಸು ಹಗುರ ಆಗುತ್ತೆ" ಅಂದಳು. ಇಪ್ಪತ್ತಾರು ವರ್ಷ ಶಾಲೆಯ ಅಡುಗೆಮನೆಯಲ್ಲಿ ಅಕ್ಕಿ ಎಷ್ಟು ಮೂಟೆ, ಹಾಲು ಎಷ್ಟು ಡಬ್ಬ ಎಂದು ಬರೆದ ಕೈ ಇದು. ಮನಸ್ಸಿನ ವಿಷಯ ಬರೆದು ಗೊತ್ತಿಲ್ಲ.

ರಕ್ತದೊತ್ತಡ 148/92. ಮಂಚದಿಂದ ಬಾಗಿಲವರೆಗೆ ಎರಡು ಸಲ ನಡೆದ. ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಬಲಗೈಯಲ್ಲಿ ಬೀನ್ಸ್ ಕಾಳು ಎತ್ತಿ ಹಾಕುವುದು: ಹತ್ತು ನಿಮಿಷಕ್ಕೆ ನಾಲ್ಕು ಕಾಳು. ಐದನೆಯದು ಜಾರಿ ಬಿದ್ದಾಗ ಬಟ್ಟಲನ್ನೇ ತಳ್ಳಿಬಿಟ್ಟ. ನಾನು ಸೋಫಾದ ಕೆಳಗೆ ತೆವಳಿ ಕಾಳು ಆರಿಸುತ್ತಿದ್ದರೆ ಮೇಲಿನಿಂದ, "ನಾನು ಬಸ್ ಓಡಿಸ್ದೋನು ಕಣೇ, ಕೋಳಿಮರಿ ಅಲ್ಲ" ಅಂದ. ಪಾರ್ಶ್ವವಾಯು ಹೊಡೆದು ಐದು ವಾರ. ಒಂದು ಇಡೀ ವಾಕ್ಯವನ್ನು ಅರ್ಥವಾಗುವಂತೆ ಆಡಿದ್ದು ಇದೇ ಮೊದಲು. ಖುಷಿಪಡಬೇಕಿತ್ತು. ಕಾಳು ಆರಿಸುತ್ತಲೇ ಇದ್ದೆ.

ಫೆಬ್ರವರಿ 14, ಸೋಮವಾರ

144/90. ಕಾಳು ಐದು.

"ಕೈಯಿಂದ ಮಾಡೋ ಅಂಥದ್ದು, ನಿಮಗೆ ಇಷ್ಟವಾದದ್ದು ಏನಾದ್ರೂ ಇದೆಯಾ?" ಎಂದು ಹುಡುಗಿ ಕೇಳಿದಳು. ವಾಲೇಸ್ ಬಾಯಿ ಸೊಟ್ಟಗೆ ಮಾಡಿ ನಕ್ಕು "ಪೋಕರ್" ಅಂದ. ಅವಳು, ಮುಂದಿನ ಸಲ ಇಸ್ಪೀಟ್ ಕಟ್ಟು ತರುತ್ತೇನೆ ಅಂದಳು.

"ಅದಲ್ಲ. ಮಷಿನ್ನು."

ಹೊನೊಲುಲುವಿನಲ್ಲಿ ಬಸ್ ಓಡಿಸುವುದು ಬಿಟ್ಟು ಲಾಸ್ ವೇಗಸ್‌ಗೆ ಬಂದು ಹತ್ತೊಂಬತ್ತು ವರ್ಷ. ಇಲ್ಲಿ ಹೋಟೆಲಿನ ವ್ಯಾನ್ ಓಡಿಸುತ್ತಿದ್ದಾಗ ಪಾಳಿ ಮುಗಿಸಿ ದಿನಾ ಒಂದು ಗಂಟೆ ಕೋರಲ್ ಕ್ಲಬ್ ಎಂಬ ಜೂಜಿನ ಮನೆಯಲ್ಲಿ ಕೂರುತ್ತಿದ್ದ. ಒಂದೇ ಗಂಟೆ, ಒಂದೇ ಮಷಿನ್, ಗೆದ್ದರೂ ಎದ್ದ, ಸೋತರೂ ಎದ್ದ. ನಾನು ಅಲ್ಲಿನ ಕೆಫೆಯಲ್ಲಿ ನಮ್ಮೂರಿನ ನೂಡಲ್ ಸೂಪು ಸೈಮಿನ್ ಕುಡಿಯುತ್ತ ಕಾಯುತ್ತಿದ್ದೆ. ಮಷಿನ್ ಮುಂದೆ ಕೂರುವುದೆಂದರೆ ನನಗೆ ಮೈಕ್ರೋವೇವ್ ಮುಂದೆ ಕೂತ ಹಾಗೆ.

ಹುಡುಗಿ ನನ್ನ ಮುಖ ನೋಡಿದಳು. "ಬೆರಳು ಆಡಿದ್ರೆ ಸಾಕು ಮಿಸೆಸ್ ಹಿಗಾ, ಎಲ್ಲಿ ಆಡಿದ್ರೇನು" ಅಂದಳು.

ಫೆಬ್ರವರಿ 17, ಗುರುವಾರ

ಬೆಳಿಗ್ಗೆ ಎಂಟಕ್ಕೆ ಗಾಲಿಕುರ್ಚಿಯಲ್ಲಿ ಕರೆದೊಯ್ದೆ. ಅವನ ಮಷಿನ್ ಖಾಲಿ ಇತ್ತು.

ಆಟ ಇಷ್ಟೇ. ಐದು ಎಲೆ ಬರುತ್ತವೆ. ಬೇಕಾದವನ್ನು ಹಿಡಿದಿಟ್ಟುಕೊಂಡು ದೊಡ್ಡ ಗುಂಡಿ ಒತ್ತಿದರೆ, ಬಿಟ್ಟವುಗಳ ಜಾಗಕ್ಕೆ ಹೊಸವು ಬರುತ್ತವೆ. ವಾಲೇಸ್‌ನದು ಒಂದು ಪದ್ಧತಿ ಇತ್ತು: ಎಲೆ ನೋಡುವುದು, ಗಾಜಿನ ಮೇಲೆ ಬೆರಳಿಂದ ಎರಡು ಸಲ ಕುಟ್ಟುವುದು, ಮೂರನೆಯ ಕುಟ್ಟು ಗುಂಡಿಯ ಮೇಲೆ. ಸಿಗ್ನಲ್ ಯಾವಾಗ ಹಸಿರಾಗುತ್ತದೆಂದು ಬಸ್ ಡ್ರೈವರ್‌ಗೆ ಮೈಯಲ್ಲೇ ಗೊತ್ತಾಗುತ್ತದಂತೆ, ಇದೂ ಹಾಗೇ ಅಂತೆ.

ಇವತ್ತು ಬಲಗೈ ಏಳಲಿಲ್ಲ. ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದೆತ್ತಿ ಗುಂಡಿಯ ಮೇಲೆ ಬೀಳಿಸಬೇಕಾಯಿತು. ಅಷ್ಟಕ್ಕೆ ಅರ್ಧ ನಿಮಿಷ. ಪ್ರತಿ ಸಲ ಕೈ ಬಿದ್ದಾಗಲೂ, "ದಾಟಿಹೋಯ್ತು. ಗಳಿಗೆ ದಾಟಿಹೋಯ್ತು" ಅನ್ನುತ್ತಿದ್ದ. ಕೊನೆಗೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ನಲವತ್ತು ವರ್ಷದಲ್ಲಿ ಅವನು ಅತ್ತದ್ದನ್ನು ನಾನು ನೋಡಿರಲಿಲ್ಲ.

ಮಾರ್ಚ್ 1, ಮಂಗಳವಾರ

146/88. ಕಾಳು ಏಳು.

ವಾರದಿಂದ ಒಂದೇ ಮಾತು: ಕೈ ನಿಧಾನವಾಯಿತು, ಅದಕ್ಕೇ ಸೋಲು. ಇವತ್ತು ಕೋರಲ್‌ನಲ್ಲಿ ಮಷಿನ್ ರಿಪೇರಿಯ ಎಫ್ರೆನ್‌ನನ್ನು ಹಿಡಿದೆ. ಫಿಲಿಪೀನ್ಸಿನವನು, ನಲವತ್ತು ದಾಟಿರಬಹುದು, ಸೊಂಟದಲ್ಲಿ ಬೀಗದಕೈ ಗೊಂಚಲು. ವಾಲೇಸ್‌ನನ್ನು ಎಷ್ಟೋ ವರ್ಷದಿಂದ ಬಲ್ಲ.

"ಎಫ್ರೆನ್, ಅಂಕಲ್‌ಗೆ ಸ್ವಲ್ಪ ಬುದ್ಧಿ ಹೇಳಪ್ಪ. ಬೇಗ ಒತ್ತಿದ್ರೂ ತಡವಾಗಿ ಒತ್ತಿದ್ರೂ ಒಂದೇ ತಾನೇ?"

"ಒಂದೇ ಆಂಟಿ." ಅವನು ವಾಲೇಸ್‌ನ ಕುರ್ಚಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ. "ಅಂಕಲ್, ಹಳೇ ಮಷಿನ್ನುಗಳು ಮೊದ್ಲೇ ಹತ್ತು ಎಲೆ ಎತ್ತಿಟ್ಕೊಂಡಿರ್ತಿದ್ವಂತೆ. ನೀವು ಯಾವಾಗ ಒತ್ತಿದ್ರೂ ಅದೇ ಎಲೆ. ಇದು ಹಾಗಲ್ಲ. ನೀವು ಯೋಚ್ನೆ ಮಾಡ್ತಿರೋವಾಗ್ಲೂ ಮಿಕ್ಕ ನಲವತ್ತೇಳು ಎಲೆ ಒಳಗೆ ಕಲಸ್ತಾನೇ ಇರುತ್ತೆ, ಸೆಕೆಂಡಿಗೆ ಸಾವಿರಾರು ಸಲ."

"ಹಾಗಾದ್ರೆ ಒಂದು ಕ್ಷಣ ತಡ ಮಾಡಿದ್ರೆ ಬೇರೆ ಎಲೆ ಬರುತ್ತೆ?" ಕೇಳಿದ್ದು ನಾನು.

"ಬೇರೆ ಬರುತ್ತೆ. ಆದ್ರೆ ಒಳ್ಳೇದೋ ಕೆಟ್ಟದ್ದೋ ಯಾರಿಗ್ಗೊತ್ತು? ಬೇಕಾದ ಎಲೆ ಒಂದೇ ಅಂದ್ರೆ ನಲವತ್ತೇಳರಲ್ಲಿ ಒಂದು. ಈಗ ಒತ್ತಿದ್ರೂ ಅಷ್ಟೇ, ಊಟ ಮಾಡ್ಕೊಂಡು ಬಂದು ಒತ್ತಿದ್ರೂ ಅಷ್ಟೇ."

"ಕಂಪನಿಯೋರು ಹಾಗೇ ಹೇಳು ಅಂದಿರ್ತಾರೆ" ಅಂದ ವಾಲೇಸ್.

"ಅಯ್ಯೋ ಅಂಕಲ್, ಗಳಿಗೆ ಗೊತ್ತಿದ್ದಿದ್ರೆ ನಾನ್ಯಾಕೆ ಸ್ಕ್ರೂಡ್ರೈವರ್ ಹಿಡ್ಕೊಂಡು ಅಲೀತಿದ್ದೆ?"

ವಾಲೇಸ್ ನಕ್ಕ. ನಾನೂ ನಕ್ಕೆ.

ಸಂಜೆ ಅಕ್ಕಿ ತೊಳೆಯುತ್ತ ಅದೇ ತಲೆಯಲ್ಲಿ. ಬೇರೆ ಬರುತ್ತೆ ಅಂದನಲ್ಲ.

ಮಾರ್ಚ್ 3, ಗುರುವಾರ

ಅವನ ಕೈ ಸೋತಿತ್ತು. ಅವನು ಹೇಳಿದ ಎಲೆ ಹಿಡಿದು ನಾನೇ ಗುಂಡಿ ಒತ್ತಿದೆ. ಅವನಿಗೆ ಸುಸ್ತಾಗಬಾರದೆಂದು ಅಷ್ಟೇ. ಮೂರು ಒಂಬತ್ತು ಇದ್ದವು. ಒತ್ತಬೇಕು ಅನ್ನಿಸಿದಾಗ ಒತ್ತದೆ, ಸ್ವಲ್ಪ ತಡೆದು ಒತ್ತಿದೆ. ನಾಲ್ಕನೆಯ ಒಂಬತ್ತು ಬಂತು. "ಎಲಾ ಇವಳಾ!" ಅಂದ ವಾಲೇಸ್. ಪಾರ್ಶ್ವವಾಯು ಹೊಡೆದ ಮೇಲೆ ಅವನ ಮುಖದ ಎರಡೂ ಕಡೆ ಒಟ್ಟಿಗೆ ನಕ್ಕದ್ದು ಇವತ್ತು.

ರಕ್ತದೊತ್ತಡ 140/86. ನೋಡಿ, ಕಡಿಮೆಯಾಗಿದೆ.

ಮಾರ್ಚ್ 18, ಶುಕ್ರವಾರ

ಅವನ ಪಕ್ಕದ ಮಷಿನ್‌ನಲ್ಲಿ ನಾನೂ ಕೂರುತ್ತೇನೆ. ಸುಮ್ಮನೆ ಕಾಯುವುದಕ್ಕಿಂತ ವಾಸಿ. ಕೆಫೆಯ ಸೈಮಿನ್ ಈಗ ಬರೀ ಉಪ್ಪು.

ಏಪ್ರಿಲ್ 2, ಶನಿವಾರ

ಒಂದು ಸಂಗತಿ ಗಮನಿಸಿದ್ದೇನೆ, ಮರೆಯದಂತೆ ಬರೆದಿಡುತ್ತೇನೆ. ಉಸಿರು ಪೂರ್ತಿ ಬಿಟ್ಟು, ಇನ್ನೊಂದು ಉಸಿರು ಶುರುವಾಗುವ ಮುಂಚೆ ಒಂದು ಖಾಲಿ ಜಾಗ ಇರುತ್ತದೆ. ಆಗ ಒತ್ತಿದರೆ ಬರುವ ಎಲೆಯೇ ಬೇರೆ. ನಿನ್ನೆ ಹಾಗೆ ಒತ್ತಿದ ಹನ್ನೆರಡು ಸಲದಲ್ಲಿ ಏಳು ಸಲ ಏನಾದರೂ ಬಂತು. ಬೇಗ ಬೇಗ ಒತ್ತಿದಾಗ ಎರಡೇ. ನಾನೇನೂ ಹುಚ್ಚಿಯಲ್ಲ, ಎಫ್ರೆನ್ ಹೇಳಿದ್ದು ನೆನಪಿದೆ. ಬರೆದಿಟ್ಟರೆ ತಪ್ಪೇನು?

ವಾಲೇಸ್‌ಗೆ ಹತ್ತು ಗಂಟೆಗೇ ಸಾಕಾಗಿ, "ಮನೆಗೆ ಹೋಗೋಣ ನಡಿ" ಎಂದು ಮೂರು ಸಲ ಅಂದ. ಹನ್ನೊಂದೂವರೆಗೆ ಹೊರಟೆವು. ಕಾಳಿನ ಲೆಕ್ಕ ನೋಡಲಿಲ್ಲ. ಹದಿನೈದಿರಬೇಕು.

ಏಪ್ರಿಲ್ 14, ಗುರುವಾರ

ತಡವಾಯಿತು. ವಾಲೇಸ್ ತಾನೇ ಅಂಗಿ ಗುಂಡಿ ಹಾಕಿಕೊಳ್ಳುತ್ತೇನೆಂದು ಹಟ ಹಿಡಿದು ಬಲಗೈಯಲ್ಲಿ ನಾಲ್ಕು ಗುಂಡಿಗೆ ಇಪ್ಪತ್ತು ನಿಮಿಷ ತೆಗೆದುಕೊಂಡ. "ನೋಡಿಲ್ಲಿ, ಡೋರಿಸ್" ಅಂದ. ಉಳಿದ ಎರಡನ್ನು ನಾನೇ ಹಾಕಿ ಕುರ್ಚಿ ತಳ್ಳಿಕೊಂಡು ಹೊರಟೆ. ಅಷ್ಟರಲ್ಲಿ ನನ್ನ ಮಷಿನ್‌ನಲ್ಲಿ ಕೆಂಪು ಟೋಪಿಯ ಹೆಂಗಸು ಕೂತಾಗಿತ್ತು. ಟಕಟಕ ಒತ್ತುತ್ತಾಳೆ, ಎಲೆಯನ್ನು ಸರಿಯಾಗಿ ನೋಡುವುದೂ ಇಲ್ಲ. ಅವಳ ಹಿಂದೆ ನಲವತ್ತು ನಿಮಿಷ ನಿಂತೆ.

ಏಪ್ರಿಲ್ 24, ಈಸ್ಟರ್ ಭಾನುವಾರ

ವಾಲೇಸ್‌ನ ಅಕ್ಕ ಜೆನೆಟ್ ಹಂದಿಮಾಂಸ ಬೇಯಿಸಿಕೊಂಡು, ಅನ್ನದ ಪಾತ್ರೆ ಸಮೇತ ಬಂದಳು. ಎಪ್ಪತ್ತಾರು ವರ್ಷ, ಮಂಡಿನೋವು, ಆದರೂ ಭಾನುವಾರ ತಪ್ಪಿಸುವುದಿಲ್ಲ. ತಮ್ಮ ಗೋಡೆ ಹಿಡಿದು ಅಡುಗೆಮನೆಯವರೆಗೆ ನಡೆದು ಬಂದುದನ್ನು ನೋಡಿ ಚಪ್ಪಾಳೆ ತಟ್ಟಿದಳು. ಆಮೇಲೆ ನನ್ನ ಕಡೆ ತಿರುಗಿ, "ಕನ್ನಡಿ ನೋಡ್ಕೊಂಡು ಎಷ್ಟು ದಿನ ಆಯ್ತೇ? ಕಾಯಿಲೆ ಬಂದಿರೋದು ಅವನಿಗೋ ನಿನಗೋ?" ಅಂದಳು.

ಊಟದ ನಡುವೆ ವಾಲೇಸ್, "ನಾಳೆಯಿಂದ ಕೋರಲ್ ಬೇಡ" ಅಂದ.

"ಯಾಕೆ?"

"ಸಾಕಾಯ್ತು. ಎಫ್ರೆನ್ ಹೇಳಿದ್ದು ನಿಜ. ಯಾವಾಗ ಒತ್ತಿದ್ರೂ ಅಷ್ಟೇ. ಬೆಳಿಗ್ಗೆ ಹೊತ್ತು ಹಿತ್ತಲಲ್ಲಿ ಕೂರೋಣ, ಇಬ್ರೂ. ಬಿಸಿಲು ಚೆನ್ನಾಗಿದೆ."

"ನಿನ್ನ ಕೈ ಇಷ್ಟು ಸರಿಹೋಗಿದ್ದೇ ಅಲ್ಲಿ. ಈಗ ಬಿಟ್ರೆ ಮತ್ತೆ ಮೊದಲಿನ ಹಾಗೇ ಆಗುತ್ತೆ" ಎಂದು ನಾನು ಸ್ವಲ್ಪ ಜೋರಾಗಿಯೇ ಅಂದೆನೇನೋ. ಜೆನೆಟ್ ಚಮಚ ಕೆಳಗಿಟ್ಟಳು.

ಅವನಿಗೋಸ್ಕರ ಹೇಳಿದರೆ ಇದು ನನಗೆ ಸಿಗುವ ಮರ್ಯಾದೆ.

ಮೇ 6, ಶುಕ್ರವಾರ

ಔಷಧಿ ಅಂಗಡಿಗೆ ಹೋಗುತ್ತೇನೆಂದು ಹೇಳಿ ಹೊರಟೆ. ಅದು ಸುಳ್ಳೂ ಅಲ್ಲ, ಬರುವಾಗ ಹೋಗಿಯೇ ಬಂದೆ. ಅವನು ಹಿತ್ತಲಲ್ಲಿ ಆರಾಮವಾಗಿ ಕೂತಿರುತ್ತಾನೆ, ಫೋನ್ ಜೇಬಿನಲ್ಲಿರುತ್ತದೆ. ಒಬ್ಬಳೇ ಹೋದರೆ ಗಳಿಗೆ ಎಷ್ಟು ಸಲೀಸಾಗಿ ಸಿಗುತ್ತದೆ! ಪಕ್ಕದಲ್ಲಿ "ನಡಿ, ನಡಿ" ಅನ್ನುವವರಿಲ್ಲ.

ಇನ್ನು ಈ ಪುಸ್ತಕವನ್ನೂ ಚೀಲದಲ್ಲೇ ಇಟ್ಟುಕೊಳ್ಳುತ್ತೇನೆ. ಅಲ್ಲಲ್ಲೇ ಬರೆಯದಿದ್ದರೆ ಮರೆತುಹೋಗುತ್ತದೆ.

ಮೇ 11, ಬುಧವಾರ

ಕೋರಲ್‌ನ ಕೆಫೆಯಲ್ಲಿ ಕೂತಿದ್ದೇನೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಹೇಗೆ ಬಂದರೂ ಸರಿ.

ಬೆಳಿಗ್ಗೆ ಒಂಬತ್ತೂ ಮುಕ್ಕಾಲು. ಮೂಲೆಯ ಮಷಿನ್. ಆಟೀನ್ ಎಕ್ಕ, ಆಟೀನ್ ರಾಜ, ಆಟೀನ್ ರಾಣಿ, ಆಟೀನ್ ಗುಲಾಮ. ಐದನೆಯದು ಇಸ್ಪೀಟ್ ಮೂರು. ಆಟೀನ್ ಹತ್ತು ಬಂದುಬಿಟ್ಟರೆ ರಾಯಲ್, ಆಟದಲ್ಲಿ ಎಲ್ಲಕ್ಕಿಂತ ದೊಡ್ಡ ಗೆಲುವು. ವಾಲೇಸ್ ಹತ್ತೊಂಬತ್ತು ವರ್ಷದಲ್ಲಿ ಎರಡೇ ಸಲ ನೋಡಿದ್ದಾನೆ.

ನಾಲ್ಕನ್ನೂ ಹಿಡಿದು, ಗುಂಡಿಯ ಮೇಲೆ ಕೈ ಇಟ್ಟು, ಉಸಿರು ಬಿಟ್ಟೆ. ಯಾರೋ ಕೆಮ್ಮಿದರು. ಗಳಿಗೆ ಕೆಟ್ಟಿತು. ಮತ್ತೆ ಮೊದಲಿನಿಂದ. ಆಗ ಚೀಲದಲ್ಲಿ ಫೋನ್ ಬಡಿದುಕೊಳ್ಳತೊಡಗಿತು. ನಿಂತಿತು. ಮತ್ತೆ ಉಸಿರು ಹಿಡಿದೆ. ಮತ್ತೆ ಫೋನ್. ಮೂರು ಸಲ ಹೀಗೆ ಕೆಡಿಸಿತು. ಕೊನೆಗೆ ಆಫ್ ಮಾಡಿ ಚೀಲದ ತಳಕ್ಕೆ ತುರುಕಿದೆ. ಎಲ್ಲ ಸದ್ದೂ ಇಳಿದು, ಒಳಗೆ ಎಲೆ ಸುತ್ತುವುದು ಕೇಳಿಸುತ್ತಿದೆಯೇನೋ ಅನ್ನಿಸಿದಾಗ ಒತ್ತಿದೆ.

ಕಳಾವರ್ ನಾಲ್ಕು.

ಎಲ್ಲೋ ಒಂದು ಕೂದಲೆಳೆಯಷ್ಟು ಹಿಂದೆಯೋ ಮುಂದೆಯೋ ಆಯಿತು. ಹತ್ತಿರ ಬಂದಿದ್ದೇನೆ. ಹನ್ನೊಂದು ಗಂಟೆ ಈಗ. ಇನ್ನು ಸ್ವಲ್ಪ ಹೊತ್ತು, ಅಷ್ಟೇ.

ಮೇ 12, ಗುರುವಾರ

ಆಸ್ಪತ್ರೆ. ವಾಲೇಸ್ ಸ್ನಾನದ ಮನೆಯಲ್ಲಿ ಬಿದ್ದಿದ್ದ. ನಿನ್ನೆ ನಾನು ಮನೆಗೆ ಹೋದಾಗ ಮಧ್ಯಾಹ್ನ ಒಂದೂ ಮುಕ್ಕಾಲು. ಎಡಗೈಯಲ್ಲಿ ಫೋನ್ ಹಿಡಿದೇ ಇದ್ದ. ತೊಡೆಯ ಮೂಳೆ ಸೊಂಟದ ಹತ್ತಿರ ಮುರಿದಿದೆ. ಅವನ ಹಲ್ಲು ಕಟಕಟ ಅನ್ನುತ್ತಿದ್ದವು, ಹೊರಗೆ ಅಂಥ ಬಿಸಿಲಿದ್ದರೂ.

ನಾಲ್ಕು ಗಂಟೆ ಕಾಲ ಟೈಲ್ಸ್ ನೆಲದ ಮೇಲೆ.

ಇವತ್ತು ಆಪರೇಷನ್ ಆಯಿತು. ಡಾಕ್ಟರ್ ಒಳ್ಳೆಯ ಮನುಷ್ಯ, ನನ್ನ ಪಕ್ಕ ಕೂತು ಹೇಳಿದರು: "ಬಿದ್ದ ತಕ್ಷಣ ಕರ್ಕೊಂಡು ಬಂದಿದ್ರೂ ಆಪರೇಷನ್ ಇವತ್ತೇ ಆಗ್ತಿತ್ತು ಮಿಸೆಸ್ ಹಿಗಾ. ಸಮಯದಿಂದ ಏನೂ ವ್ಯತ್ಯಾಸ ಆಗಿಲ್ಲ. ಮನಸ್ಸಿಗೆ ಹಚ್ಕೋಬೇಡಿ."

ಮೇ 15, ಭಾನುವಾರ

ಜೆನೆಟ್ ಬಂದಿದ್ದಳು. "ಆಗ ನೀನೆಲ್ಲಿದ್ದೆ?" ಎಂದು ಅವಳು ಕೇಳುವುದಕ್ಕೂ ನಾನು ಬಾಯಿ ತೆರೆಯುವುದಕ್ಕೂ ನಡುವೆ, ಮಲಗಿದ್ದಲ್ಲಿಂದ ವಾಲೇಸ್, "ಔಷಧಿ ಅಂಗಡೀಲಿ. ನಾನೇ ಕಳ್ಸಿದ್ದೆ. ಅಲ್ಲಿ ದೊಡ್ಡ ಕ್ಯೂ ಇತ್ತಂತೆ" ಅಂದ.

ಜೆನೆಟ್ ಹೋದ ಮೇಲೆ ನಾವಿಬ್ಬರೇ ಉಳಿದೆವು.

"ಯಾಕೆ ಹಾಗಂದೆ?" ಕೇಳಿದೆ.

"ಔಷಧಿ ಅಂಗಡಿಗೆ ಹೋಗಿ ಬಂದ್ರೆ ಸಿಗರೇಟ್ ವಾಸನೆ ಬರಲ್ಲ ಡೋರಿಸ್. ನನಗೆ ಮೊದ್ಲಿಂದ ಗೊತ್ತು."

"ಆಂಬ್ಯುಲೆನ್ಸ್‌ಗೆ ಯಾಕೆ ಮಾಡ್ಲಿಲ್ಲ? ಫೋನ್ ಕೈಲೇ ಇತ್ತಲ್ಲ!"

"ಅವರು ಬಂದ್ರೆ, ಹೆಂಡತಿ ಎಲ್ಲಿ ಅಂತ ಕೇಳ್ತಾರೆ. ಜೆನೆಟ್‌ಗೆ ಗೊತ್ತಾಗುತ್ತೆ. ಇನ್ನೇನು ಬಂದ್ಬಿಡ್ತೀಯ ಅಂದ್ಕೊಂಡೆ." ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ. "ಮೂರು ಸಲ ಮಾಡಿದ್ರೂ ಎತ್ತಲಿಲ್ಲ. ಒಳ್ಳೇ ಎಲೆ ಬಂದಿರ್ಬೇಕು ಅಂದ್ಕೊಂಡು ಸುಮ್ನಾದೆ. ಏನಿತ್ತು?"

ಹೇಳಿದೆ. ಆಟೀನ್ ಎಕ್ಕದಿಂದ ಗುಲಾಮನವರೆಗೆ, ಹತ್ತು ಮಾತ್ರ ಬೇಕಿತ್ತು.

"ಬಂತಾ?"

"ಇಲ್ಲ."

ಅವನು ತಲೆಯಾಡಿಸಿದ. ಹಳೆಯ ಸಹೋದ್ಯೋಗಿಯ ಬಸ್ಸು ಕೆಟ್ಟು ನಿಂತಿತು ಎಂದು ಕೇಳಿದರೆ ಆಡಿಸುತ್ತಿದ್ದನಲ್ಲ, ಹಾಗೆ. ಬೈಯಲಿಲ್ಲ. ಬೈದಿದ್ದರೆ ಹಿಡಿದುಕೊಳ್ಳಲು ನನಗೆ ಏನಾದರೂ ಸಿಗುತ್ತಿತ್ತು.

ಮೇ 19, ಗುರುವಾರ

ಎದೆಯಲ್ಲಿ ಕಫ ಕಟ್ಟಿದೆ. ನ್ಯುಮೋನಿಯಾ ಅನ್ನುತ್ತಾರೆ. ಮುದುಕರಿಗೆ ಮೂಳೆ ಮುರಿದರೆ ಹೀಗಾಗುವುದು ಸಾಮಾನ್ಯವಂತೆ. ನೆಲದ ಮೇಲೆ ಅಷ್ಟು ಹೊತ್ತು ಮಲಗಿದ್ದಕ್ಕೆ ಬಂತಾ ಎಂದು ನರ್ಸ್‌ಗೆ ಕೇಳಿದೆ. ಹೇಳಲಾಗುವುದಿಲ್ಲ ಅಂದಳು. ಡಾಕ್ಟರಿಗೆ ಕೇಳಿದೆ. ಹೇಳಲಾಗುವುದಿಲ್ಲ.

ಮೇ 23, ಸೋಮವಾರ

ವಾಲೇಸ್ ಹೋದ. ಮಧ್ಯಾಹ್ನ ಎರಡೂ ಹತ್ತು.

ಮೇ 29, ಭಾನುವಾರ

ಜೆನೆಟ್ ಅವನ ಬಟ್ಟೆ ಮಡಿಸಲು ಬಂದಳು. ಅವನು ತಾನೇ ಗುಂಡಿ ಹಾಕಿಕೊಂಡಿದ್ದ ಆ ಅಂಗಿಯನ್ನು ಎದೆಗೆ ಒತ್ತಿಕೊಂಡು, "ಹೂವಿನ ಹಾಗೆ ನೋಡ್ಕೊಂಡೆ ಕಣೇ ನೀನು, ನನ್ನ ತಮ್ಮನ್ನ. ಏನೇನೋ ಅಂದೆ ನಿನಗೆ. ಮನಸ್ಸಲ್ಲಿ ಇಟ್ಕೋಬೇಡ" ಎಂದು ನನ್ನ ಕೈ ಹಿಡಿದು ಅತ್ತಳು. ಹೇಳಲು ಬಾಯಿ ತೆರೆದೆ. ವಾಲೇಸ್ ಮುಚ್ಚಿಟ್ಟದ್ದನ್ನು ನಾನು ಹೇಗೆ ಬಿಚ್ಚಲಿ? ಅಥವಾ ಅದು ಬರೀ ನೆಪ. ಅನ್ನಕ್ಕೆ ನೀರಿಟ್ಟೆ. ಮೂರು ಜನಕ್ಕಾಗುವಷ್ಟು ಅಕ್ಕಿ ಹಾಕಿಬಿಟ್ಟಿದ್ದೆ.

ಕೋರಲ್ ಕಡೆ ಹೋಗಿ ಹದಿನೆಂಟು ದಿನ. ಇನ್ನು ಹೋಗುವುದೂ ಇಲ್ಲ.

ಜೂನ್ 3, ಶುಕ್ರವಾರ

ಹೋಗಿದ್ದೆ. ಆಡಲಿಕ್ಕಲ್ಲ, ಎಫ್ರೆನ್‌ನನ್ನು ನೋಡಲು. ಅಂಕಲ್ ವಿಷಯ ಅವನಿಗೆ ಗೊತ್ತಿತ್ತು. ಟೋಪಿ ತೆಗೆದು ನಿಂತುಕೊಂಡ.

"ಎಫ್ರೆನ್, ಒಂದು ಕೇಳ್ತೀನಿ. ಫೋನ್ ಮೊದಲನೇ ಸಲ ಬಡಿದಾಗ್ಲೇ ನಾನು ಒತ್ತಿಬಿಟ್ಟಿದ್ರೆ? ಒತ್ತಿ, ಫೋನ್ ಎತ್ತಿದ್ದಿದ್ರೆ? ಆಗ ಯಾವ ಎಲೆ ಬರ್ತಿತ್ತು?"

ಅವನಿಗೆ ಏನೂ ಅರ್ಥವಾಗಿರಲಿಕ್ಕಿಲ್ಲ. ಅಥವಾ ಎಲ್ಲ ಅರ್ಥವಾಯಿತೋ ಏನೋ. ಟೋಪಿ ಮತ್ತೆ ತಲೆಗಿಟ್ಟುಕೊಂಡು ಹೇಳಿದ: "ಆ ಎಲೆ ಯಾರೂ ನೋಡಿಲ್ಲ ಆಂಟಿ. ಮಷಿನ್ ಬಿಚ್ಚಿದ್ರೂ ಸಿಗಲ್ಲ. ಮನೆಗೆ ಹೋಗಿ. ನಾನು ಕಾರಿನ ತನಕ ಬರ್ತೀನಿ, ನಡೀರಿ." ಜೇಬಿನಿಂದ ಒಂದು ಚೀಟಿ ಕೊಟ್ಟ. ಜೂಜು ಬಿಡಲಾಗದವರಿಗೆ ಸಹಾಯ ಮಾಡುವವರ ನಂಬರಂತೆ. ನನಗೇಕೆ ಕೊಟ್ಟನೋ. ಆದರೂ ಥ್ಯಾಂಕ್ಸ್ ಹೇಳಿ ಕಾರು ಹತ್ತಿದೆ. ಅವನು ಒಳಗೆ ಹೋಗುವವರೆಗೆ ಕಾದು ಇನ್ನೊಂದು ಬಾಗಿಲಿಂದ ನಾನೂ ಒಳಗೆ ಹೋದೆ.

ಜೂನ್ 9, ಗುರುವಾರ

ವಿಮಾನ ನಿಲ್ದಾಣ. ವಾಲೇಸ್‌ನ ಬೂದಿಯನ್ನು ಅವನ ಅಪ್ಪ ಅಮ್ಮನ ಪಕ್ಕ ಇಡಲು ಹೊನೊಲುಲುವಿಗೆ ಹೊರಟಿದ್ದೆವು, ನಾನೂ ಜೆನೆಟ್ಟೂ. ನಾಳೆ ಹತ್ತಕ್ಕೆ ಅಲ್ಲಿ ಬೌದ್ಧ ಮಂದಿರದಲ್ಲಿ ಪೂಜೆ. ಅವನ ಜೊತೆ ಬಸ್ ಓಡಿಸಿದವರೆಲ್ಲ ಬರುತ್ತಾರೆ.

ಜೆನೆಟ್‌ಗೆ ಮಂಡಿನೋವಾದ್ದರಿಂದ ಕುರ್ಚಿಯಲ್ಲಿ ಕೂರಿಸಿ ಎಲ್ಲರಿಗಿಂತ ಮೊದಲು ವಿಮಾನಕ್ಕೆ ಕರೆದೊಯ್ದರು. ಬೂದಿಯ ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡು, "ಇವನು ನನ್ನ ಜೊತೆ ಇರ್ಲಿ. ನಿನ್ನ ಸಾಲು ಕರೆದ ಕೂಡ್ಲೇ ಬಾ" ಅಂದಳು.

ಈ ಊರಿನ ವಿಮಾನ ನಿಲ್ದಾಣದಲ್ಲೂ ಜೂಜು; ವಿಮಾನ ಹತ್ತುವ ಬಾಗಿಲಿನಿಂದ ಇಪ್ಪತ್ತು ಹೆಜ್ಜೆಯಲ್ಲೇ ಮಷಿನ್‌ಗಳ ಸಾಲು. ನನ್ನ ಸೀಟಿನ ಸಾಲನ್ನು ಕರೆಯುವವರೆಗೆ ನಿಂತೇ ಇರಬೇಕಲ್ಲ, ಕಾಲು ನೋಯುತ್ತಿತ್ತು, ಕೂತೆ. ನನ್ನ ಸಾಲು ಕರೆದದ್ದು ಕೇಳಿಸಿತು. ಆಗ ಕೈಯಲ್ಲಿ ಒಂದು ರಾಣಿ, ಮಿಕ್ಕವು ಕಸ. ರಾಣಿಯನ್ನು ಹಿಡಿದೆ. ಇದೊಂದು ಒತ್ತಿ ಎದ್ದುಬಿಡುವುದು ಅಂದುಕೊಂಡೆ. ಉಸಿರು ಬಿಟ್ಟೆ. ಮೈಕಿನಲ್ಲಿ ಯಾರದೋ ಹೆಸರು ಕೂಗಿ ಕೆಡಿಸಿದರು. ಮತ್ತೆ ಮೊದಲಿನಿಂದ. ಎರಡನೆಯ ಸಲ ಕೂಗಿದಾಗ ಆ ಹೆಸರು ನನ್ನದು ಎಂದು ಗೊತ್ತಾಯಿತು.

ಫೋನ್ ಬಡಿದುಕೊಂಡಿತು. ಈ ಸಲ ಎತ್ತಿದೆ.

"ಡೋರಿಸ್, ಬಾಗಿಲು ಹಾಕ್ತಿದ್ದಾರೆ ಕಣೇ! ಎಲ್ಲಿದ್ದೀಯ? ವಾಲೇಸ್ ನನ್ನ ತೊಡೆ ಮೇಲಿದ್ದಾನೆ. ಎಲ್ಲಿದ್ದೀಯೇ?"

"ಬಂದೆ" ಅಂದೆ.

"ಬೇಗ ಬಾರೇ!"

"ಬಂದೆ, ಬಂದೆ."

ಎಡಗೈಯಲ್ಲಿ ಫೋನ್, ಬಲಗೈ ಗುಂಡಿಯ ಮೇಲೆ. ಗಾಜಿನಾಚೆ ವಿಮಾನ ಹಿಂದಕ್ಕೆ ಸರಿಯತೊಡಗಿತು. ಅದು ತಿರುಗಿ, ಕಾಣದಾದ ಮೇಲೆ ಸುತ್ತ ನಿಶ್ಶಬ್ದವಾಯಿತು. ಆಗ ಒತ್ತಿದೆ. ಇನ್ನೊಂದು ರಾಣಿ ಬಂತು. ಒಂದು ಜೊತೆ. ಅದಕ್ಕೆ ಹಾಕಿದ ದುಡ್ಡನ್ನಷ್ಟೇ ವಾಪಸ್ ಕೊಡುತ್ತಾರೆ.